ಯುದ್ಧನೌಕೆಯೊಳಗಿನ 69 ಹಾಸಿಗೆಗಳು

ಫ್ರಾನ್ಸಿನ ‘ಡಿಕ್ಸ್‌ಮ್ಯೂಡ್’ 199 ಮೀಟರ್ ಉದ್ದದ ಯುದ್ಧನೌಕೆ. ಮೇಲೆ ಹೆಲಿಕಾಪ್ಟರ್‌ಗಳು, ಕೆಳಗೆ, ಹಿಂಬಾಗಿಲು ತೆರೆದು ಕಡಲನ್ನೇ ಒಳಗೆ ಬಿಟ್ಟುಕೊಳ್ಳುವ ಡಾಕ್. ಟ್ಯಾಂಕ್ ಹೊತ್ತ ದೋಣಿಗಳು ಅಲ್ಲಿಂದಲೇ ತೇಲಿ ದಡ ಸೇರುತ್ತವೆ, ಬಂದರು ಬೇಕಿಲ್ಲ. ಇಂಥ ಹಡಗಿನ ವಿಡಿಯೋ ನೋಡುವಾಗ ನನ್ನ ಗೆಳೆಯರು ಎಣಿಸುವುದು ಟ್ಯಾಂಕುಗಳನ್ನು. ನನಗೆ ಮುಖ್ಯ ಅನಿಸಿದ್ದು ಅದರೊಳಗಿನ 69 ಹಾಸಿಗೆಯ ಆಸ್ಪತ್ರೆ. 2023ರ ನವೆಂಬರ್ ಕೊನೆಯಲ್ಲಿ ಈ ಹಡಗು ಈಜಿಪ್ಟಿನ ಅಲ್ ಅರೀಶ್‌ಗೆ ಬಂದಾಗ ಅಲ್ಲಿ ಚಿಕಿತ್ಸೆ ಪಡೆದವರು ಗಾಝಾದ ಗಾಯಾಳುಗಳು. ಅಷ್ಟು ಜನರ ನೋವಿಗೆ 69 ಹಾಸಿಗೆ ಏನೇನೂ ಸಾಲದು, ನಿಜ.

ನಮ್ಮ ಜಲಾಶ್ವವೂ ಇದೇ ಜಾತಿಯದು. 2020ರ ಮೇ ತಿಂಗಳಲ್ಲಿ ಮಾಲ್ಡೀವ್ಸ್‌ನಿಂದ 698 ಜನರನ್ನು ಕೊಚ್ಚಿಗೆ ಕರೆತಂದಿತ್ತು. ಅದು 1971ರಲ್ಲಿ ಅಮೆರಿಕದ ನೌಕಾಪಡೆ ಸೇರಿದ್ದ ಹಳೆಯ ಹಡಗು. ಹೊಸದನ್ನು ಕಟ್ಟುವಾಗ ಟ್ಯಾಂಕಿಗಿಂತ ಮೊದಲು ಆಸ್ಪತ್ರೆಗೆ ಜಾಗ ಅಳೆಯಲಿ ಎನ್ನುತ್ತೇನೆ ನಾನು.