ಅಂಗೈಯ ಪರದೆ, ಪಡಸಾಲೆಯ ಪರದೆ

ಮದುವೆಯ ಛಾಯಾಚಿತ್ರಗಳನ್ನು ಹಿಂದೆ ಆಲ್ಬಮ್ಮಿನಲ್ಲಿ ಅಂಟಿಸಿಡುತ್ತಿದ್ದರು. ಮನೆಗೆ ಬಂದ ಬೀಗರು, ನೆಂಟರು ಜಮಖಾನದ ಮೇಲೆ ಕುಳಿತು ಅದನ್ನು ಕೈಯಿಂದ ಕೈಗೆ ದಾಟಿಸುತ್ತ ನೋಡುತ್ತಿದ್ದರು. ಇಂದು ಆ ಚಿತ್ರಗಳೆಲ್ಲ ಮೊಬೈಲ್ ಫೋನಿನೊಳಗೆ ಸೇರಿವೆ. ಒಬ್ಬರು ನೋಡುವಾಗ ಉಳಿದವರು ಕಾಯಬೇಕು. ಕಣ್ಣು ಮಂಜಾದ ಹಿರಿಯರಂತೂ ಅಂಗೈಯಗಲದ ಪರದೆಯಲ್ಲಿ ಮೊಮ್ಮಗಳ ಮುಖವನ್ನು ಗುರುತಿಸಲಾರದೆ ಫೋನನ್ನು ಹಿಂದಿರುಗಿಸುತ್ತಾರೆ. ಪಡಸಾಲೆಯಲ್ಲಿ ದೊಡ್ಡ ಟಿ.ವಿ. ಇರುವಾಗ ಈ ತೊಂದರೆ ಏಕೆ? ಫೋನಿನಲ್ಲಿರುವುದನ್ನು ಟಿ.ವಿ.ಯಲ್ಲಿ ಕಾಣಿಸುವ ಬಗೆಯನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಮೊದಲು ಒಂದು ಭೇದವನ್ನು ಮನಗಾಣುವುದು ಅವಶ್ಯ. ಫೋನಿನ ಪರದೆಯನ್ನು ಇಡಿಯಾಗಿ ಟಿ.ವಿ.ಯಲ್ಲಿ ಮೂಡಿಸುವುದು ಒಂದು ಮಾರ್ಗ. ಇದಕ್ಕೆ ‘ಸ್ಕ್ರೀನ್ ಮಿರರಿಂಗ್’ ಎಂದು ಹೆಸರು. ಆಯ್ದ ಒಂದು ಚಿತ್ರವನ್ನೋ ವಿಡಿಯೋವನ್ನೋ ಮಾತ್ರ ಟಿ.ವಿ.ಗೆ ಒಪ್ಪಿಸುವುದು ಇನ್ನೊಂದು ಮಾರ್ಗ, ಇದು ‘ಕಾಸ್ಟ್’. ಮೊದಲನೆಯದು ಹೆಸರಿಗೆ ತಕ್ಕಂತೆ ಕನ್ನಡಿಯೇ ಸರಿ. ಕನ್ನಡಿಯು ಮುಖವನ್ನೂ ತೋರಿಸುತ್ತದೆ, ಅಂಗಿಯ ಮೇಲಿನ ಕಲೆಯನ್ನೂ ತೋರಿಸುತ್ತದೆ. ಈ ಭೇದವನ್ನರಿತವರಿಗೆ ಮುಂದಿನದೆಲ್ಲ ಸುಲಭ.

ಮಿರರಿಂಗ್‌ಗೆ ತಂತಿಯ ದಾರಿಯೂ ಉಂಟು, ತಂತಿಯಿಲ್ಲದ ದಾರಿಯೂ ಉಂಟು. ಟಿ.ವಿ.ಯ ಹಿಂಬದಿಯಲ್ಲಿರುವ ಎಚ್‌ಡಿಎಂಐ ಕಿಂಡಿಗೆ ಕೇಬಲ್ಲಿನ ಒಂದು ತುದಿಯನ್ನೂ, ತಕ್ಕ ಅಡಾಪ್ಟರಿನ ಮೂಲಕ ಫೋನಿಗೆ ಇನ್ನೊಂದು ತುದಿಯನ್ನೂ ಸೇರಿಸಿ, ರಿಮೋಟಿನಲ್ಲಿ ಆ ಕಿಂಡಿಯನ್ನು ಆರಿಸಿದರೆ ಸಾಕು. ವೈ-ಫೈ ಬೇಡ, ಚಿತ್ರ ತಡವರಿಸುವುದೂ ಇಲ್ಲ. ಆದರೆ ಟೈಪ್-ಸಿ ಕಿಂಡಿಯಿರುವ ಫೋನುಗಳೆಲ್ಲ ಚಿತ್ರವನ್ನು ಹೊರಗೆ ಕಳುಹಿಸಲಾರವು. ಕೆಲವಕ್ಕೆ ಚಾರ್ಜ್ ಆಗುವುದು, ಕಡತಗಳನ್ನು ಸಾಗಿಸುವುದು ಇಷ್ಟೇ ಬರುತ್ತದೆ. ಆದುದರಿಂದ ಅಂಗಡಿಯಲ್ಲಿ ಹಣ ಕೊಡುವ ಮೊದಲು ನಿಮ್ಮ ಫೋನಿನ ಮಾದರಿಯನ್ನು ಹೇಳಿ ವಿಚಾರಿಸಿಕೊಳ್ಳಿ. ಆ್ಯಪಲ್ ಸಂಸ್ಥೆಯ ಐಫೋನುಗಳಿಗೆ 2023ರ 15ನೆಯ ಮಾದರಿಯಿಂದ ಟೈಪ್-ಸಿ ಬಂದಿದೆ. ಅದಕ್ಕಿಂತ ಹಳೆಯವಕ್ಕೆ ಬೇರೆಯದೇ ಅಡಾಪ್ಟರ್ ಬೇಕು.

ತಂತಿಯಿಲ್ಲದ ದಾರಿಗಳಲ್ಲಿ 2012ರಲ್ಲಿ ಬಳಕೆಗೆ ಬಂದ ‘ಮಿರಾಕಾಸ್ಟ್’ ಪ್ರಮುಖವಾದುದು. ಇದರಲ್ಲಿ ಫೋನೂ ಟಿ.ವಿ.ಯೂ ತಮ್ಮೊಳಗೇ ನೇರ ಸಂಪರ್ಕ ಬೆಳೆಸುವುದರಿಂದ ಇಂಟರ್‌ನೆಟ್ ಇಲ್ಲದ ಹಳ್ಳಿಯ ಮನೆಯಲ್ಲೂ ನಡೆಯುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ‘ಸ್ಮಾರ್ಟ್ ವ್ಯೂ’ ಎಂದೂ, ಬೇರೆ ಕೆಲವು ಫೋನುಗಳಲ್ಲಿ ‘ಕಾಸ್ಟ್’ ಎಂದೂ ಇದರ ಗುಂಡಿ ಕಾಣಸಿಗುತ್ತದೆ. ಹೆಸರು ಕಂಡು ಗಲಿಬಿಲಿಗೊಳ್ಳಬಾರದು. ಐಫೋನಿಗೆ ಮಿರಾಕಾಸ್ಟ್ ಒಗ್ಗದು. ಅದಕ್ಕೆ ‘ಏರ್‌ಪ್ಲೇ’ ಎಂಬ ತನ್ನದೇ ಪದ್ಧತಿಯಿದೆ. 2019ರಿಂದೀಚೆಗೆ ಸ್ಯಾಮ್‌ಸಂಗ್, ಎಲ್‌ಜಿ, ಸೋನಿ ಮುಂತಾದವರ ಅನೇಕ ಟಿ.ವಿ.ಗಳು ಇದನ್ನು ಸ್ವೀಕರಿಸುತ್ತವೆ.

ಕಾಸ್ಟ್ ಪದ್ಧತಿಯನ್ನು ಗೂಗಲ್ ಸಂಸ್ಥೆಯು 2013ರಲ್ಲಿ ‘ಕ್ರೋಮ್‌ಕಾಸ್ಟ್’ ಎಂಬ ಪುಟ್ಟ ಸಾಧನದ ಮೂಲಕ ಮನೆಮಾತಾಗಿಸಿತು. 2024ರಲ್ಲಿ ಆ ಸಾಧನದ ತಯಾರಿಕೆ ನಿಂತಿತಾದರೂ ಅದರ ಗುಣ ಇಂದಿನ ಗೂಗಲ್ ಟಿ.ವಿ., ಆಂಡ್ರಾಯ್ಡ್ ಟಿ.ವಿ.ಗಳೊಳಗೇ ಅಡಕವಾಗಿದೆ. ಫೋನನ್ನೂ ಟಿ.ವಿ.ಯನ್ನೂ ಒಂದೇ ವೈ-ಫೈಗೆ ಸೇರಿಸಿ, ಯೂಟ್ಯೂಬಿನಲ್ಲಿ ಕಾಣುವ ಕಾಸ್ಟ್ ಚಿಹ್ನೆಯನ್ನು ಒತ್ತಿದರೆ, ಟಿ.ವಿ.ಯು ಆ ವಿಡಿಯೋವನ್ನು ಇಂಟರ್‌ನೆಟ್‌ನಿಂದ ತಾನೇ ತರಿಸಿಕೊಳ್ಳುತ್ತದೆ. ಫೋನು ಬರಿಯ ರಿಮೋಟಿನಂತೆ ಉಳಿದು ಬೇರೆ ಕೆಲಸಕ್ಕೆ ಒದಗುತ್ತದೆ. ಸಿನಿಮಾ, ಪ್ರವಚನ, ಸಂಗೀತಗಳಿಗೆ ಇದೇ ಲೇಸು. ಚಲನಚಿತ್ರದ ಕೆಲವು ಆ್ಯಪ್‌ಗಳನ್ನು ಮಿರರಿಂಗ್‌ನಲ್ಲಿ ತೆರೆದರೆ, ನಕಲು ತಡೆಯುವ ಕಟ್ಟುಪಾಡಿನಿಂದಾಗಿ ಪರದೆ ಕಪ್ಪಾಗುವುದುಂಟು. ಅದನ್ನು ಟಿ.ವಿ. ಕೆಟ್ಟಿತೆಂದು ಭಾವಿಸಬೇಕಾಗಿಲ್ಲ.

ಇವಾವುವೂ ಒದಗದ ಹಳೆಯ ಟಿ.ವಿ.ಯಿದ್ದರೆ, ಚಿತ್ರಗಳನ್ನು ಪೆನ್‌ಡ್ರೈವಿಗೆ ಇಳಿಸಿ ಟಿ.ವಿ.ಯ ಯುಎಸ್‌ಬಿ ಕಿಂಡಿಗೆ ಚುಚ್ಚುವುದೇ ಸರಳೋಪಾಯ.

ಪರದೇಶದಲ್ಲಿರುವ ಮಕ್ಕಳೊಡನೆ ವಿಡಿಯೋ ಕರೆಯಲ್ಲಿ ಮಾತನಾಡಲು ಮಿರರಿಂಗ್ ಬಲು ಉಪಯುಕ್ತ. ಆದರೆ ಟಿ.ವಿ.ಯಲ್ಲಿ ಅವರ ಮುಖ ಕಂಡರೂ, ನಿಮ್ಮನ್ನು ನೋಡುವ ಕಣ್ಣು ಫೋನಿನಲ್ಲೇ ಇರುತ್ತದೆ. ಫೋನನ್ನು ಪಕ್ಕದ ಮೇಜಿನ ಮೇಲಿಟ್ಟು ಅಜ್ಜಿ ಟಿ.ವಿ.ಯತ್ತ ಮುಖ ಮಾಡಿದರೆ ಮೊಮ್ಮಕ್ಕಳಿಗೆ ಅವರ ಕಿವಿಯಷ್ಟೇ ಕಂಡೀತು. ಫೋನನ್ನು ಟಿ.ವಿ.ಯ ಕೆಳಗೆ, ನಡುಭಾಗದಲ್ಲಿ, ಅಡ್ಡಲಾಗಿ ಆನಿಸಿಡಿ. ಚಿತ್ರವೂ ಪರದೆಯನ್ನು ತುಂಬುವುದು, ನೋಟವೂ ಕೂಡುವುದು.

ಇನ್ನು ಎಚ್ಚರದ ಮಾತು. ಮಿರರಿಂಗ್ ನಡೆದಿರುವಾಗ ಬಂದ ಸಂದೇಶ, ಬ್ಯಾಂಕಿನ ಒ.ಟಿ.ಪಿ., ಮಗಳು ತಾಯಿಗೆ ಬರೆದ ಮನದಳಲು ಎಲ್ಲವೂ ನೆಂಟರೆದುರು ದೊಡ್ಡಕ್ಷರದಲ್ಲಿ ಮೂಡಬಹುದು. ಆದುದರಿಂದ ಮೊದಲು ‘ಡು ನಾಟ್ ಡಿಸ್ಟರ್ಬ್’ ಒತ್ತಿರಿ. ಅಪಾರ್ಟ್‌ಮೆಂಟಿನಲ್ಲಿರುವವರು ಪಟ್ಟಿಯಲ್ಲಿ ಕಾಣುವ ಹೆಸರು ತಮ್ಮ ಟಿ.ವಿ.ಯದೇ, ಪಕ್ಕದ ಮನೆಯದೇ ಎಂಬುದನ್ನು ನೋಡಿಕೊಳ್ಳಬೇಕು.

ಇದಕ್ಕಿಂತಲೂ ಗಂಭೀರವಾದುದು ಇನ್ನೊಂದಿದೆ. ಮನೆಯ ಟಿ.ವಿ.ಗೆ ಪರದೆಯನ್ನು ತೋರಿಸುವುದು ಬೇರೆ, ದೂರದ ಅಪರಿಚಿತನಿಗೆ ತೋರಿಸುವುದು ಬೇರೆ. ‘ಎನಿಡೆಸ್ಕ್’ ಎಂಬ ಆ್ಯಪನ್ನು ದುರ್ಬಳಸಿ ಮೋಸಗಾರರು ಹಣ ಲಪಟಾಯಿಸುವ ಬಗೆಯನ್ನು ಕುರಿತು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. 2023ರಿಂದ ವಾಟ್ಸ್‌ಆ್ಯಪ್ ವಿಡಿಯೋ ಕರೆಯಲ್ಲೂ ಪರದೆ ಹಂಚುವ ಗುಂಡಿ ಇದೆ. ಬ್ಯಾಂಕಿನವನೆಂದೋ ಟಿ.ವಿ. ಕಂಪನಿಯವನೆಂದೋ ಹೇಳಿಕೊಂಡು ಕರೆಮಾಡಿ, “ಸ್ಕ್ರೀನ್ ಶೇರ್ ಮಾಡಿ, ನಾನು ಸರಿಪಡಿಸುತ್ತೇನೆ” ಎನ್ನುವವನಿಗೆ ಎಂದಿಗೂ ಒಪ್ಪಬೇಡಿ. ನಿವೃತ್ತರ ಜೀವಮಾನದ ಉಳಿತಾಯ ಆ ಒಂದು ಗುಂಡಿಯ ಹಿಂದಿದೆ.

ಮನೆಯ ಕಿರಿಯರಲ್ಲಿ ನಮ್ಮ ವಿನಂತಿಯಿಷ್ಟೇ: ಹಿರಿಯರಿಗೆ ಈ ಸೌಕರ್ಯವನ್ನು ಕೂಡಿಸಿಕೊಟ್ಟು ಎದ್ದು ಹೋಗಬೇಡಿ. ಜೋಡಿಸುವುದನ್ನು ಕಲಿಸಿದಂತೆ ಕಡಿದುಕೊಳ್ಳುವುದನ್ನೂ ಅವರ ಕೈಯಿಂದಲೇ ಎರಡು ಬಾರಿ ಮಾಡಿಸಿರಿ. ನೋಡಿ ಮುಗಿದ ಮೇಲೆ ‘ಡಿಸ್‌ಕನೆಕ್ಟ್’ ಒತ್ತಿ, ಟಿ.ವಿ.ಯಲ್ಲಿ ಫೋನಿನ ಬಿಂಬ ಮರೆಯಾಯಿತೆಂಬುದನ್ನು ಕಣ್ಣಾರೆ ಕಂಡೇ ಫೋನನ್ನು ಎತ್ತಿಕೊಳ್ಳಲಿ.