ಎರಡು ರೂಪಾಯಿಯ ಬೆಂಕಿಪೆಟ್ಟಿಗೆ, ನಾಲ್ಕು ಸಾವಿರದ ಒಲೆ

ಹ್ವಾಯ್, ಈ ಸಲ ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ. ಬೇಸರ ಮಾಡ್ಕೊಬೇಡಿ.

ಮಳೆ ಶುರುವಾದದ್ದೇ ತಡ, ಶನಿವಾರ ರಾತ್ರಿ ನಮ್ಮ ಅಂಧೇರಿ ಸ್ಟೇಷನ್ನಿನಲ್ಲಿ ಬೆನ್ನಿಗೆ ಮೂಟೆ ಕಟ್ಟಿಕೊಂಡ ಹುಡುಗ ಹುಡುಗಿಯರ ದಂಡು. ದಾದರ್‌ನಲ್ಲಿ ಇಳಿದು ಕರ್ಜತ್ ಲೋಕಲ್ ಹಿಡಿದರೆ ರಾಜಮಾಚಿ, ಇನ್ನೂ ದೂರ ಹೋದರೆ ಹರಿಶ್ಚಂದ್ರಗಡ. ಒಳ್ಳೆಯದೇ ಬಿಡಿ. ವಾರವಿಡೀ ಎಸಿ ಆಫೀಸಿನಲ್ಲಿ ಕುಳಿತವರಿಗೆ ಸ್ವಲ್ಪ ಗಾಳಿ ಬೇಕು. ನನ್ನ ತಕರಾರು ಗಾಳಿಯದ್ದಲ್ಲ, ಬೆಂಕಿಯದ್ದು!

ನನ್ನ ಅಕ್ಕನ ಮಗ ಕಳೆದ ವರ್ಷ ಕ್ಯಾಂಪಿಂಗಿನ ಹುಚ್ಚು ಹಿಡಿಸಿಕೊಂಡ. ಒಂದು ದಿನ ಮಾಲ್‌ನಿಂದ ಚೀಲ ತುಂಬ ಸಾಮಾನು ತಂದು ನಮ್ಮ ಹಾಲ್‌ನಲ್ಲಿ ಹರಡಿದ. ಕಿಡಿ ಹಾರಿಸುವ ಫೆರೋ ರಾಡ್ 599, ಮಡಚುವ ಸ್ಟೀಲ್ ಒಲೆ 1,299, ಗಾಳಿಗೆ ಅಡ್ಡ ಇಡುವ ತಗಡು 449, ಒಂದರೊಳಗೊಂದು ಕೂರುವ ಪಾತ್ರೆ ಸೆಟ್ಟು 1,699. ಬ್ಯಾಂಕಿನವನ ಬುದ್ಧಿ ನೋಡಿ, ಬಿಲ್ ನೋಡುವ ಮೊದಲೇ ಬಾಯಲ್ಲಿ ಮೊತ್ತ ಬಂತು: 4,046 ರೂಪಾಯಿ. "ಒಂದು ಚಾ ಕುದಿಸಲಿಕ್ಕೆ ಇಷ್ಟಾ? ನಿನ್ನ ಅಜ್ಜಿ ಮೂರು ಕಲ್ಲಿಟ್ಟು ಐವತ್ತು ಜನಕ್ಕೆ ಅನ್ನ ಮಾಡ್ತಿದ್ರು ಮಾರಾಯ" ಅಂದೆ. ಮನೆಯವರೆಲ್ಲ ನಕ್ಕರು. ಅವನು ಮರುದಿನವೇ ಸಾಮಾನನ್ನೆಲ್ಲ ವಾಪಸು ಕೊಟ್ಟು ಬಂದ.

ನಾನು ಗೆದ್ದೆ ಅಂದುಕೊಂಡೆ. ಅಲ್ಲೇ ಎಡವಿದ್ದು.

ಮುಂದಿನ ತಿಂಗಳು ಅವನು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ. ಮೇಲೆಯೇ ಬರ್ನರ್ ಕೂರುವ ಚಿಕ್ಕ ಸಿಲಿಂಡರ್ ಒಂದನ್ನು ಕೊಂಡು, ರಸ್ತೆ ಬದಿಯ ಒಬ್ಬನ ಹತ್ತಿರ ಗ್ಯಾಸ್ ತುಂಬಿಸಿ, ಬ್ಯಾಗಿನಲ್ಲಿ ಬಟ್ಟೆ ಸುತ್ತಿಟ್ಟು, ಲೋಕಲ್‌ನಲ್ಲಿ ಕರ್ಜತ್‌ವರೆಗೆ ಹೋದ. ರಾತ್ರಿ ಮ್ಯಾಗಿ ಮಾಡಲು ಹಚ್ಚಿದಾಗ ಬರ್ನರಿನಲ್ಲಲ್ಲ, ಕೆಳಗೆ ವಾಲ್ವಿನ ಬುಡದಲ್ಲಿ ಬೆಂಕಿ ಹತ್ತಿತು. ಹಳ್ಳಿಯವರೊಬ್ಬರು ಒದ್ದೆ ಗೋಣಿ ಎಸೆದು ಆರಿಸಿದರಂತೆ. ಹುಬ್ಬು ಸುಟ್ಟಿತು, ಬಲಗೈ ಮೊಣಕೈವರೆಗೆ ಬೊಬ್ಬೆ. ಜೀವ ಉಳಿಯಿತು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಹೇಳಿದ್ದು ಒಂದೇ ಮಾತು: "ಮಾವ, ಅಗ್ಗದ್ದೇ ತಗೊಂಡಿದ್ದೆ."

ಆ ಮಾತು ಈಗಲೂ ಚುಚ್ಚುತ್ತದೆ. ಹಾಗಾಗಿ ಈ ಲೇಖನ.

ನಾನು ಅವನಿಗೆ ಅರ್ಧ ಪಾಠ ಹೇಳಿದ್ದೆ. ಪೂರ್ತಿ ಪಾಠ ಇದು: ಬೆಂಕಿ ಹಚ್ಚುವುದಕ್ಕೆ ದುಡ್ಡು ಬೇಡ, ಆದರೆ ಬೆಂಕಿಯನ್ನು ಹಿಡಿದಿಡುವಲ್ಲಿ ಜಿಪುಣತನ ಬೇಡ.

ಹಚ್ಚುವುದಕ್ಕೆ ಏನು ಬೇಕು? ಬೆಂಕಿಪೆಟ್ಟಿಗೆ. 2007ರಲ್ಲಿ ಐವತ್ತು ಪೈಸೆಯಿಂದ ಒಂದು ರೂಪಾಯಿಯಾಯಿತು, 2021ರ ಡಿಸೆಂಬರ್ 1ರಿಂದ ಎರಡು ರೂಪಾಯಿ. ಹದಿನಾಲ್ಕು ವರ್ಷ ಬೆಲೆ ಏರದ ವಸ್ತು ನಮ್ಮ ದೇಶದಲ್ಲಿ ಬೇರೆ ಯಾವುದಿದೆ ಹೇಳಿ! ಮಳೆಗೆ ಒದ್ದೆಯಾಗುತ್ತದೆ ಅನ್ನುತ್ತೀರಾ? ಕುಂದಾಪುರದ ಕಡೆ ಮಳೆ ಏನು ಕಮ್ಮಿಯೇ? ನಮ್ಮಮ್ಮ ಬೆಂಕಿಪೆಟ್ಟಿಗೆಯನ್ನು ಖಾಲಿ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹಾಕಿ ಮುಚ್ಚಳ ತಿರುಗಿಸಿ ಇಡುತ್ತಿದ್ದರು. ಬಚ್ಚಲೊಲೆಗೆ ತೆಂಗಿನ ನಾರು, ಅದರ ಮೇಲೆ ಸಣ್ಣ ಪುರಲೆ, ಆಮೇಲೆ ಗೆರಟೆ, ಕೊನೆಗೆ ಕಟ್ಟಿಗೆ. ಊದುಕೊಳವೆಯಲ್ಲಿ ಎರಡು ಸಲ ಊದಿದರೆ ಆಯಿತು. ಇವತ್ತು ಮಾತ್ರೆಯ ಖಾಲಿ ಡಬ್ಬಿ, ಒಂದು ಮೇಣದ ಬತ್ತಿಯ ತುಂಡು, ದೇವರ ಕೋಣೆಯಿಂದ ನಾಲ್ಕು ಕರ್ಪೂರ ಸಾಕು. ಕರ್ಪೂರ ನೀರಿನ ಮೇಲೆ ತೇಲುತ್ತಲೇ ಉರಿಯುತ್ತದೆ, ಒದ್ದೆ ಕಟ್ಟಿಗೆ ಯಾವ ಲೆಕ್ಕ? (ಹಚ್ಚುವುದಕ್ಕೆ ಮಾತ್ರ, ಅಡುಗೆಗಲ್ಲ.) ವ್ಯಾಸಲೀನ್ ಸವರಿದ ಹತ್ತಿಯೂ ಕೆಲವು ನಿಮಿಷ ಉರಿಯುತ್ತದೆ. ಫೆರೋ ರಾಡ್ ಒದ್ದೆಯಾದರೂ ಕಿಡಿ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಆ ಕಿಡಿ ಹಿಡಿಯಲಿಕ್ಕೆ ಒಣಗಿದ ನಾರೋ ಹತ್ತಿಯೋ ಬೇಕೇ ಬೇಕಲ್ಲ? ಅದನ್ನು ಒಣಗಿಸಿಡುವ ಬುದ್ಧಿ ಇದ್ದವನ ಕಡ್ಡಿಯೂ ಒಣಗಿಯೇ ಇರುತ್ತದೆ.

ಇನ್ನು ಒಲೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ. ಅಲ್ಲಿಂದ ಬಂದ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಕೆಲವರು ಊರಲ್ಲಿ ನೋಡಿರಬಹುದು. ಮಣ್ಣು, ಇಟ್ಟಿಗೆ, ಕೆಳಗೊಂದು ಜಾಲರಿ, ಹೊಗೆ ಹೋಗಲು ಕೊಳವೆ. ಅದರ ಗುಟ್ಟು ಬೆಲೆಯಲ್ಲಿ ಇರಲಿಲ್ಲ. ಬೆಂಕಿಗೆ ಬೇಕಾದಷ್ಟೇ ಗಾಳಿ ಬಿಡಬೇಕು, ಪಾತ್ರೆಗೆ ತಾಗಬೇಕಾದ ಬಿಸಿ ಹೊರಗೆ ಓಡಬಾರದು, ಅಷ್ಟೇ. ಮೂರು ಕಲ್ಲಿನ ಸುತ್ತ ಗಾಳಿಗೆ ಅಡ್ಡವಾಗಿ ಇನ್ನೆರಡು ಕಲ್ಲಿಟ್ಟು, ಪಾತ್ರೆಗೆ ಮುಚ್ಚಳ ಹಾಕಿದರೆ 449 ರೂಪಾಯಿಯ ತಗಡಿನ ಕೆಲಸ ಮುಗಿಯಿತು.

ಇಲ್ಲಿಯವರೆಗೆ ಅಗ್ಗ. ಇನ್ನು ಅಗ್ಗ ಮಾಡಬಾರದ್ದು.

ರಸ್ತೆ ಬದಿಯಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಗ್ಯಾಸ್ ಇಳಿಸುವವನು ತೂಕ ನೋಡುತ್ತಾನೆಯೇ? ವಾಷರ್ ನೋಡುತ್ತಾನೆಯೇ? ಸಿಲಿಂಡರಿನಲ್ಲಿ ಗ್ಯಾಸ್ ಹಿಗ್ಗಲಿಕ್ಕೆ ಜಾಗ ಬಿಡಲೇಬೇಕು, ಕಂಠಪೂರ್ತಿ ತುಂಬಿದರೆ ಅದು ಬಾಂಬು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗುವುದಿಲ್ಲ, ಟೆಂಟಿನ ನೆಲದಲ್ಲಿ ಕೂತುಕೊಳ್ಳುತ್ತದೆ. ತೈಲ ಕಂಪನಿಗಳೇ ತುಂಬಿಸಿ ಮಾರುವ 5 ಕೆಜಿಯ ಸಿಲಿಂಡರ್ ಇದೆ, ಅದಕ್ಕೆ ಸ್ವಲ್ಪ ಹೆಚ್ಚು ಕೊಡಬೇಕಾದೀತು. ಕೊಡಿ!

ಆದರೆ ಅದನ್ನೂ ರೈಲಿಗೆ ಹತ್ತಿಸಬೇಡಿ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಆಗಬಹುದು. ಜೈಲಿನ ಮಾತು ಬಿಡಿ. 2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಂದಕ್ಕೆ ಬೆಂಕಿ ಬಿತ್ತು. ಲಖನೌ ಕಡೆಯಿಂದ ಬಂದ ಯಾತ್ರಿಕರು ಕದ್ದು ತಂದ ಸಿಲಿಂಡರಿನಲ್ಲಿ ಚಾ ಕಾಯಿಸಲು ಹೊರಟಿದ್ದರು. 9 ಜನ ಸತ್ತರು. ಅದು ನಿಂತ ಬೋಗಿ. ಸಂಜೆ ಆರೂವರೆಯ ಲೋಕಲ್‌ನಲ್ಲಿ ಉಸಿರಾಡಲು ಜಾಗವಿಲ್ಲದೆ ನಿಂತಿರುತ್ತೇವಲ್ಲ, ನಮ್ಮ ನಡುವೆ ಅಂಥ ಒಂದು ಬ್ಯಾಗು ಇದ್ದರೆ? ನನ್ನ ಅಳಿಯನ ಬ್ಯಾಗು ಇತ್ತು. ಆ ಡಬ್ಬಿಯಲ್ಲಿ ಅವತ್ತು ಎಷ್ಟು ಜನ ಇದ್ದರೋ, ಅವರಿಗೆಲ್ಲ ನಾನು ಕ್ಷಮೆ ಕೇಳಬೇಕು.

"ಹಾಗಾದರೆ ಕಾಡಿನ ಕಟ್ಟಿಗೆಯೇ ಒಳ್ಳೆಯದು, ಪುಕ್ಕಟೆ" ಎನ್ನುವವರಿಗೂ ಒಂದು ಮಾತು. ಅದು ಪುಕ್ಕಟೆ ಅಲ್ಲ, ಬಿಲ್ ಬೇರೆಯವರ ಹೆಸರಿಗೆ ಹೋಗುತ್ತದೆ. ಹರಿಶ್ಚಂದ್ರಗಡ ಇರುವುದು ವನ್ಯಜೀವಿ ಧಾಮದಲ್ಲಿ, ಅಲ್ಲಿ ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು 1972ರ ಕಾಯ್ದೆಯ ಪ್ರಕಾರ ಅಪರಾಧ. ಮಳೆ ಮುಗಿದು ಹುಲ್ಲು ಒಣಗಿದ ಮೇಲಂತೂ ಸಹ್ಯಾದ್ರಿ ಪೂರ್ತಿ ಬೆಂಕಿಪೆಟ್ಟಿಗೆಯೇ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತದ್ದು ಮರೆತು ಹೋಯಿತೇ? ಒಣ ಹುಲ್ಲಿನ ಬೆಂಕಿಯಿಂದ ಓಡಿ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಇನ್ನೂ ಒಂದು. ಚಳಿಯೆಂದು ಉಳಿದ ಕೆಂಡವನ್ನು ಟೆಂಟಿನೊಳಗೆ ತಂದಿಟ್ಟು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲೇ ಮುಗಿಯುತ್ತದೆ ಕಥೆ.

ಮತ್ತೇನು ಮಾಡುವುದು? ರಾಜಮಾಚಿಯ ಬುಡದಲ್ಲಿ ಉಧೇವಾಡಿ ಎಂಬ ಊರಿದೆ. ಅಲ್ಲಿಯ ಮನೆಗಳಲ್ಲಿ ಬಿಸಿ ಬಿಸಿ ಪಿಠ್ಲ ಭಾಕ್ರಿ ಸಿಗುತ್ತದೆ. ಕೇಳಿದಷ್ಟು ಕೊಡಿ, ಚೌಕಾಸಿ ಬೇಡ. ನಾವೇ ಬೇಯಿಸಬೇಕೆಂಬ ಆಸೆಯಿದ್ದರೆ ಅವರನ್ನು ಕೇಳಿ ಅಂಗಳದಲ್ಲಿ ಒಲೆ ಹೂಡಿ, ಕಟ್ಟಿಗೆಗೆ ದುಡ್ಡು ಕೊಡಿ, ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಳ್ಳಿ. ಹೊರಡುವ ಮೊದಲು ಬೂದಿ ಮುಟ್ಟಿ ನೋಡಿ, ತಣ್ಣಗಿರಬೇಕು.

ಅದೂ ಬೇಡವೆಂದರೆ ನಮ್ಮವರದ್ದೇ ಉಪಾಯ ಇದೆಯಲ್ಲ! ತೆಳು ಅವಲಕ್ಕಿ, ಚಟ್ನಿಪುಡಿ, ಒಂದು ಕಡಿ ತೆಂಗಿನಕಾಯಿ, ಬೆಲ್ಲ. ಬೆಂಕಿಯೇ ಬೇಡ. ಇದಕ್ಕಿಂತ ಅಗ್ಗದ ಒಲೆ ಯಾವ ಮಾಲ್‌ನಲ್ಲೂ ಇಲ್ಲ.

ಅಳಿಯನ ಕೈ ಈಗ ವಾಸಿಯಾಗಿದೆ, ಕಲೆ ಉಳಿದಿದೆ. ಮೊನ್ನೆ ಮತ್ತೆ ಹೊರಟ. ನಾನು ಈ ಸಲ ತಮಾಷೆ ಮಾಡಲಿಲ್ಲ. ಅವನ ಬ್ಯಾಗನ್ನು ಬಿಚ್ಚಿಸಿ ನೋಡಿ, ಅವಲಕ್ಕಿ ಪೊಟ್ಟಣ ಇಟ್ಟು ಕಳಿಸಿದೆ.

ನಿಮ್ಮ ಮನೆಯ ಹುಡುಗರ ಬ್ಯಾಗನ್ನೂ ಒಮ್ಮೆ ಬಿಚ್ಚಿ ನೋಡಿ. ಏನಂತೀರಿ?