‘ಖಚಿತಪಡಿಸು’ ಎಂಬ ಸೋಮಾರಿ ಕ್ರಿಯಾಪದ

ಈಚಿನ ಸಂಶೋಧನ ಪ್ರಬಂಧಗಳನ್ನೂ ಸರ್ಕಾರಿ ಸುತ್ತೋಲೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದುವವರಿಗೆ ಒಂದು ಸಾಮ್ಯ ಎದ್ದು ಕಾಣುತ್ತದೆ. ಎರಡರಲ್ಲಿಯೂ ‘ಖಚಿತಪಡಿಸು’ ಎಂಬ ಒಂದೇ ಕ್ರಿಯಾಪದ ಹತ್ತು ಕ್ರಿಯಾಪದಗಳ ಕೆಲಸವನ್ನು ಮಾಡುತ್ತಿದೆ. ಶಾಸನ ಖಚಿತಪಡಿಸುತ್ತದೆ, ವಿದ್ವಾಂಸರು ಖಚಿತಪಡಿಸುತ್ತಾರೆ, ಸಚಿವರು ಖಚಿತಪಡಿಸುತ್ತಾರೆ, ಅಧಿಕಾರಿಗಳು ಖಚಿತಪಡಿಸಿಕೊಳ್ಳಬೇಕೆಂದು ಆದೇಶ ಹೊರಡುತ್ತದೆ. ಇದನ್ನು ಕೇವಲ ಶೈಲಿದೋಷವೆಂದು ಬಿಟ್ಟುಬಿಡಲಾಗದು. ಮತ್ತೊಬ್ಬರ ಮನಸ್ಸಿನಲ್ಲಿ ನಿಶ್ಚಯವನ್ನು ಮೂಡಿಸುವ ಕ್ರಿಯಾಪದವನ್ನು ಆರಿಸುವಾಗ, ಆ ನಿಶ್ಚಯಕ್ಕೆ ಆಧಾರ ಯಾವುದು, ಅದಕ್ಕೆ ಹೊಣೆ ಯಾರು ಎಂಬುದನ್ನೂ ನಾವು ಹೇಳುತ್ತಿರುತ್ತೇವೆ. ಕ್ರಿಯಾಪದ ಮಸುಕಾದರೆ ಈ ಎರಡೂ ಕಣ್ಮರೆಯಾಗುತ್ತವೆ.

ಈ ವಿಷಯದಲ್ಲಿ ಕನ್ನಡಕ್ಕೆ ಪದದಾರಿದ್ರ್ಯವಿಲ್ಲ. ‘ನಂಬು’ ಧಾತುವಿಗೆ ಪ್ರೇರಣಾರ್ಥದ ‘ಇಸು’ ಸೇರಿ ‘ನಂಬಿಸು’ ಆಗುತ್ತದೆ. ವ್ಯಾಕರಣದ ದೃಷ್ಟಿಯಿಂದ ನಿರ್ದೋಷವಾದ ಈ ರೂಪಕ್ಕೆ ಬಳಕೆಯಲ್ಲಿ ವಂಚನೆಯ ವಾಸನೆ ಹತ್ತಿದೆ. ‘ನಂಬಿಸಿ ಕೈಕೊಟ್ಟ’ ಎನ್ನುತ್ತೇವೆ. ‘ಮನಗಾಣಿಸಿ ಕೈಕೊಟ್ಟ’ ಎಂದು ಯಾರೂ ಹೇಳರು. ನಂಬಿಸುವವನ ಬಳಿ ಆಧಾರ ಇರಲೇಬೇಕೆಂದಿಲ್ಲ. ‘ಮನಗಾಣಿಸು’ ಎಂಬಲ್ಲಿ ‘ಕಾಣು’ ಇದೆ, ‘ಮನವರಿಕೆ’ಯಲ್ಲಿ ‘ಅರಿ’ ಇದೆ. ಹೇಳುವವನು ತೋರಿಸುತ್ತಾನೆ, ಕಾಣುವ ಮತ್ತು ಅರಿಯುವ ಕೆಲಸ ಕೇಳುವವನದೇ. ‘ಧೈರ್ಯ ತುಂಬು’ ಎಂಬುದು ಪುರಾವೆಯ ಗೊಡವೆಗೇ ಹೋಗದೆ ಎದೆಗುಂದಿದವನ ಬೆನ್ನಿಗೆ ನಿಲ್ಲುತ್ತದೆ. ‘ಆಶ್ವಾಸನೆ’ಯ ಮೂಲಾರ್ಥವೂ ಅದೇ. ‘ಶ್ವಸ್’ ಎಂದರೆ ಉಸಿರಾಡು. ಕಂಗೆಟ್ಟವನು ಮತ್ತೆ ಉಸಿರಾಡುವಂತೆ ಮಾಡುವ ಸಾಂತ್ವನ ಅದು. ಚುನಾವಣೆಯ ಭಾಷಣಗಳು ಆ ಪದವನ್ನು ಎಲ್ಲಿಗೆ ತಂದು ನಿಲ್ಲಿಸಿವೆ ಎಂಬುದನ್ನು ವಿವರಿಸಬೇಕಾಗಿಲ್ಲ.

‘ಭರವಸೆ ಕೊಡು’ ಭವಿಷ್ಯಕ್ಕೆ ಸಂಬಂಧಿಸಿದ್ದು. ಕೊಟ್ಟವನು ಮಾತಿಗೆ ಕಟ್ಟುಬೀಳುತ್ತಾನೆ. ಸದನದಲ್ಲಿ ಸಚಿವರು ಕೊಟ್ಟ ಮಾತು ಏನಾಯಿತೆಂದು ವಿಚಾರಿಸಲು ಸರ್ಕಾರಿ ಭರವಸೆಗಳ ಸಮಿತಿ ಇರುವುದು ಈ ಕಾರಣಕ್ಕೆ. ಲೋಕಸಭೆಯಲ್ಲಿ ಅಂಥ ಸಮಿತಿ 1953ರಲ್ಲಿಯೇ ರಚಿತವಾಯಿತು. ‘ಖಾತ್ರಿ’ ಇನ್ನೂ ಒಂದು ಹೆಜ್ಜೆ ಮುಂದೆ. 2005ರ ಗ್ರಾಮೀಣ ಉದ್ಯೋಗ ಕಾಯಿದೆಗೆ ಕನ್ನಡದಲ್ಲಿ ‘ಉದ್ಯೋಗ ಖಾತ್ರಿ’ ಎಂಬ ಹೆಸರು ನೆಲೆಯೂರಿದ್ದು ಸಾರ್ಥಕವಾಗಿತ್ತು. ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಆ ಕಾಯಿದೆ ವಿಧಿಸಿತ್ತು. ತಪ್ಪಿದರೆ ತೆರಬೇಕಾದ ಬೆಲೆ ಗೊತ್ತುಮಾಡಿರುವಲ್ಲಿ ‘ಖಾತ್ರಿ’ಗೆ ಅರ್ಥವಿದೆ.

ಹಾಗಾದರೆ ‘ಖಚಿತ’ ಎಂದರೇನು? ಸಂಸ್ಕೃತದಲ್ಲಿ ಅದಕ್ಕೆ ಕೂರಿಸಿದ, ಕೀಲಿಸಿದ ಎಂಬ ಅರ್ಥ; ‘ರತ್ನಖಚಿತ’ದಲ್ಲಿ ಇಂದಿಗೂ ಅದೇ ಉಳಿದಿದೆ. ಹರಳು ಕುಂದಣದಲ್ಲಿ ಅಲುಗದಂತೆ ಕೂತಿರುತ್ತದೆ. ಆದ್ದರಿಂದ ಒಂದು ಸಂಗತಿ ಅಲುಗದಂತೆ ಕೂರುವಷ್ಟು ಪುರಾವೆ ಇದ್ದಾಗ ಮಾತ್ರ ‘ಖಚಿತಪಡಿಸು’ ಎನ್ನುವ ಹಕ್ಕು ನಮಗೆ ಬರುತ್ತದೆ.

ಐಹೊಳೆಯ ಶಾಸನವನ್ನು ನೋಡಿ. ಶಕ 556ರ, ಎಂದರೆ ಕ್ರಿ.ಶ. 634ರ ಸುಮಾರಿನ ಆ ಶಾಸನದಲ್ಲಿ ರವಿಕೀರ್ತಿ ಕಾಳಿದಾಸ, ಭಾರವಿಯರ ಹೆಸರು ಹೇಳುತ್ತಾನೆ. ಆ ವೇಳೆಗೆ ಅವರಿಬ್ಬರೂ ಕೀರ್ತಿವಂತರಾಗಿದ್ದರೆಂಬುದನ್ನು ಶಾಸನ ಖಚಿತಪಡಿಸುತ್ತದೆ. ಕಾಳಿದಾಸ ಯಾವ ಶತಮಾನದಲ್ಲಿ ಬಾಳಿದನೆಂಬುದನ್ನು ಅದು ಖಚಿತಪಡಿಸುವುದಿಲ್ಲ; ಕೆಳಗಿನ ಗಡಿಯೊಂದನ್ನು ಗೊತ್ತುಮಾಡುತ್ತದೆ, ಅಷ್ಟೇ. ಇನ್ನು ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. ಕ್ರಿ.ಶ. ಸುಮಾರು 450 ಎಂಬುದು ಲಿಪಿ, ಭಾಷೆ ಮೊದಲಾದ ಆಧಾರಗಳ ಮೇಲೆ ವಿದ್ವಾಂಸರು ಮಾಡಿರುವ ನಿರ್ಣಯ. ಗೌರವಕ್ಕೆ ಅರ್ಹವಾದ ನಿರ್ಣಯ, ನಿಜ. ಆದರೆ ‘ಕ್ರಿ.ಶ. 450ರಲ್ಲಿ ಕನ್ನಡ ಆಡಳಿತಭಾಷೆಯಾಗಿದ್ದುದನ್ನು ಹಲ್ಮಿಡಿ ಶಾಸನ ಖಚಿತಪಡಿಸುತ್ತದೆ’ ಎಂಬಂಥ ವಾಕ್ಯ ಊಹೆಯೊಂದನ್ನು ಕಲ್ಲಿನ ಬಾಯಿಗೆ ತುರುಕುತ್ತದೆ. ಅಲ್ಲಿ ಮಾತಾಡುತ್ತಿರುವವನು ಸಂಶೋಧಕ. ಹೊಣೆ ಹೊರುತ್ತಿರುವುದು ಕಲ್ಲು. ಇಂಥ ವಾಕ್ಯವು ಓದುಗನನ್ನು ಮನಗಾಣಿಸುವುದಿಲ್ಲ, ನಂಬಿಸುತ್ತದೆ.

ಸುತ್ತೋಲೆಗಳಲ್ಲಿ ಕೇಡು ಇನ್ನೊಂದು ಬಗೆಯದು. ‘ಕುಡಿಯುವ ನೀರಿನ ಪೂರೈಕೆಯನ್ನು ಖಚಿತಪಡಿಸಿಕೊಳ್ಳಬೇಕು’ ಎಂದರೆ ಅಧಿಕಾರಿ ಮಾಡಬೇಕಾದ್ದೇನು? ‘ಕೊಳ್ಳು’ ಸೇರಿದೊಡನೆ ಕ್ರಿಯೆಯ ಫಲ ಕರ್ತೃವಿಗೇ ಮರಳುತ್ತದೆ. ಕನ್ನಡದ ಜಾಯಮಾನದಂತೆ ಆ ವಾಕ್ಯಕ್ಕೆ, ನೀರು ಬರುತ್ತಿದೆಯೇ ಎಂದು ತಾನು ತಿಳಿದುಕೊಳ್ಳಬೇಕು ಎಂಬಷ್ಟೇ ಅರ್ಥ. ನಲ್ಲಿ ಒಣಗಿದ್ದರೆ, ಒಣಗಿದೆಯೆಂದು ಖಚಿತಪಡಿಸಿಕೊಂಡವನು ಆದೇಶವನ್ನು ಪಾಲಿಸಿದಂತೆಯೇ! ‘ನೀರು ತಪ್ಪದೆ ಪೂರೈಕೆಯಾಗುವಂತೆ ನೋಡಿಕೊಳ್ಳಬೇಕು’ ಎಂಬ ಹಳೆಯ ವಾಕ್ಯಕ್ಕೆ ಏನು ಕೊರತೆಯಿತ್ತು? ಇಂಗ್ಲಿಷ್ ಪದವೊಂದಕ್ಕೆ ಕನ್ನಡ ಪದವೊಂದು ಸಿಗಲೇಬೇಕೆಂಬ ಹಟವೇ ಈ ಅನರ್ಥಕ್ಕೆ ಕಾರಣ.

‘ಧಾತುಗಳಿಗೆ ಅನೇಕ ಅರ್ಥಗಳುಂಟು, ಬಳಕೆಯಲ್ಲಿ ಅವು ಹಿಗ್ಗುತ್ತವೆ’ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಹಿಗ್ಗಲಿ, ಆದರೆ ಹಿಗ್ಗಿಸುವವನು ಕಾರಣ ಕೊಡಬೇಕು. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯಲ್ಲಿ ಇದಕ್ಕೆ ಒಳ್ಳೆಯ ಮಾದರಿ ಇದೆ. ‘ದೃಶ್’ ಧಾತುವಿಗೆ ನೋಡು ಎಂದರ್ಥವಾಗಿರುವಾಗ ‘ದರ್ಶನ’ಕ್ಕೆ ಶ್ರದ್ಧೆಯೆಂಬ ಅರ್ಥ ಹೇಗೆ ಸಲ್ಲುತ್ತದೆ ಎಂಬ ಆಕ್ಷೇಪವನ್ನು ಅವರೇ ಎತ್ತುತ್ತಾರೆ. ಧಾತುಗಳು ಅನೇಕಾರ್ಥಕ ಎಂಬ ಉತ್ತರವನ್ನೂ ಕೊಡುತ್ತಾರೆ. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಪ್ರಸಿದ್ಧಾರ್ಥವನ್ನು ಇಲ್ಲಿ ಏಕೆ ಬಿಡಬೇಕೆಂದರೆ, ಕಣ್ಣಿನ ನೋಟ ಎಲ್ಲ ಸಂಸಾರಿ ಜೀವಿಗಳಿಗೂ ಸಾಮಾನ್ಯ, ಪ್ರಕರಣವಾದರೋ ಮೋಕ್ಷಮಾರ್ಗದ್ದು ಎಂದು ವಿವರಿಸುತ್ತಾರೆ. ನಮ್ಮವರು ಉತ್ತರದ ಮೊದಲರ್ಧವನ್ನು ಮಾತ್ರ ಎತ್ತಿಕೊಂಡು ಸೋಮಾರಿತನಕ್ಕೆ ಶಾಸ್ತ್ರದ ಆಸರೆ ಹುಡುಕುತ್ತಿದ್ದಾರೆ.

ಪಿಎಚ್.ಡಿ. ಪ್ರಬಂಧ ಬರೆಯುತ್ತಿರುವವರು ತಮ್ಮ ಹಸ್ತಪ್ರತಿಯಲ್ಲಿ ‘ಖಚಿತಪಡಿಸುತ್ತದೆ’ ಎಂದು ಬಂದಲ್ಲೆಲ್ಲ ಒಂದು ಗೆರೆ ಎಳೆಯಲಿ. ಅಲ್ಲಿ ಸೂಚಿಸುತ್ತದೆ, ಬೆಂಬಲಿಸುತ್ತದೆ, ಊಹೆಗೆ ಎಡೆಕೊಡುತ್ತದೆ, ದೃಢಪಡಿಸುತ್ತದೆ ಎಂಬವುಗಳಲ್ಲಿ ಯಾವುದು ತಮ್ಮ ಆಧಾರದ ತೂಕಕ್ಕೆ ಸರಿಯೆಂದು ಕೇಳಿಕೊಳ್ಳಲಿ. ಮಾರ್ಗದರ್ಶಕರೂ ಪರೀಕ್ಷಕರೂ ಕಾಗುಣಿತದ ತಪ್ಪನ್ನು ಗುರುತಿಸುವಷ್ಟೇ ನಿಷ್ಠುರವಾಗಿ ಈ ತಪ್ಪನ್ನೂ ಗುರುತಿಸಬೇಕು. ಕಾಗುಣಿತ ತಪ್ಪಿದರೆ ಕೆಡುವುದು ಒಂದು ಪದ. ಇದು ತಪ್ಪಿದರೆ, ಮುಂದಿನ ಸಂಶೋಧಕ ನಮ್ಮ ಊಹೆಯನ್ನೇ ಪ್ರಮಾಣವೆಂದು ಉದ್ಧರಿಸುತ್ತಾನೆ.